ಮೂರನೆಯ ಕರೆ

ನಮ್ಮೂರಿನಲ್ಲಿ ದಿನಕ್ಕೊಮ್ಮೆ ಕರೆ ಬರುತ್ತದೆ. ಮಧ್ಯಾಹ್ನದ ಊಟದ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನೊಳಗೆ ಯಾವಾಗ ಬೇಕಾದರೂ ಬರಬಹುದು. ಗುಡ್ಡದ ಕಡೆಯಿಂದ ಇಳಿದು, ಬೀದಿ ಬೀದಿ ಹಾದು, ಆ ಹೊತ್ತಿಗೆ ಊರಲ್ಲಿರುವ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು, ಕೆರೆಯ ಕಡೆ ಹೋಗಿ ಮುಗಿಯುತ್ತದೆ. ಕರೆದಾಗ ಇದ್ದಲ್ಲಿಂದಲೇ ಓ ಅನ್ನಬೇಕು. ಅನ್ನದಿದ್ದರೆ ಇನ್ನೊಂದು ಸಲ ಕರೆಯುತ್ತದೆ, ಆಗಲೂ ಇಲ್ಲವೆಂದರೆ ಮತ್ತೊಂದು ಸಲ. ಮೂರನೆಯದಕ್ಕೂ ಓ ಅನ್ನದವರು ಕಣ್ಮರೆಯಾಗುತ್ತಾರೆ. ಸಾಯುವುದಿಲ್ಲ, ಊರು ಬಿಟ್ಟೂ ಹೋಗುವುದಿಲ್ಲ. ಅಲ್ಲೇ ಇರುತ್ತಾರೆ. ನಮಗೆ ಕಾಣುವುದಿಲ್ಲ, ಕೇಳುವುದಿಲ್ಲ, ಕೈಗೆ ಸಿಗುವುದಿಲ್ಲ, ಅಷ್ಟೆ. ಬೀಡಾ ಅಂಗಡಿಯ ಚಂದ್ರಯ್ಯನ ತಮ್ಮ ಬಾಯ್ತುಂಬ ಎಲೆಅಡಿಕೆ ತುಂಬಿಕೊಂಡು, ಉಗಿಯಲು ಜಾಗ ಹುಡುಕುತ್ತಲೇ ಕಣ್ಮರೆಯಾದ. ಅವನ ಹೆಂಡತಿ ಈಗಲೂ ತಟ್ಟೆಗೆ ಬಡಿಸಿ ಇಡುತ್ತಾಳೆ. ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿರುತ್ತದೆ. ಸಾರಿಗೆ ಉಪ್ಪು ಕಮ್ಮಿಯಾದ ದಿನ ಮಾತ್ರ ಅರ್ಧ ಉಳಿದಿರುತ್ತದಂತೆ.

ಇಂಥ ಊರಿನಲ್ಲಿ ಹೇಗೆ ಬಾಳುತ್ತೀರಿ ಎಂದು ಹೊರಗಿನವರು ಕೇಳುತ್ತಾರೆ. ಎಲ್ಲರೂ ಬಾಳುವ ಹಾಗೆಯೇ. ನಮ್ಮ ಕ್ಷೌರದಂಗಡಿಯಲ್ಲಿ ಮಧ್ಯಾಹ್ನದ ಮೇಲೆ ಯಾರ ಗಂಟಲ ಮೇಲೂ ಕತ್ತಿ ಇಡುವುದಿಲ್ಲ. ಹಲ್ಲು ಕೀಳುವ ಡಾಕ್ಟರು ಬೆಳಿಗ್ಗೆ ಮಾತ್ರ ಬಾಗಿಲು ತೆಗೆಯುತ್ತಾರೆ. ಊಟ ಮಾಡಿ ಒಂದು ಗಳಿಗೆ ಅಡ್ಡಾಗುವವರು ಎಬ್ಬಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅಡ್ಡಾಗುತ್ತಾರೆ. ಮಾತು ಬಾರದ ಮಡಕೆ ಮಾರುವವನೊಬ್ಬ ತನ್ನ ಹೆಸರು ಬಂದಾಗ ಮಡಕೆಯ ಮೇಲೆ ಎರಡು ಏಟು ಹಾಕುತ್ತಾನೆ, ಕರೆ ಅದನ್ನೂ ಒಪ್ಪುತ್ತದೆ. ಹಸುಗೂಸುಗಳ ಪರವಾಗಿ ಹೆತ್ತವರು ಮಗುವಿನ ಮೈಮೇಲೆ ಕೈಯಿಟ್ಟು ಓ ಅನ್ನುತ್ತಾರೆ. ಇದಕ್ಕೆ ಮಡಿಲ ಓ ಎಂದು ಹೆಸರು. ತಾಯಿ ಇಲ್ಲವೇ ತಂದೆ ಮಾತ್ರ ಅನ್ನಬೇಕು, ಬೇರೆ ಯಾರು ಅಂದರೂ ಕರೆ ಒಪ್ಪುವುದಿಲ್ಲ. ಎರಡು ಎರಡೂವರೆ ವರ್ಷಕ್ಕೆ ಮಗು ತಾನೇ ಓ ಅನ್ನಲು ಕಲಿಯುತ್ತದೆ. ಅಂದು ಆ ಮನೆಯವರು ಕೇಸರಿಬಾತು ಮಾಡಿ ಬೀದಿಗೆಲ್ಲ ಹಂಚುತ್ತಾರೆ. ನನ್ನ ಮಗಳು ಕುಮುದೆಗೆ ಒಂಬತ್ತು ವರ್ಷ. ನಮ್ಮ ಮನೆಯಲ್ಲಿ ಆ ಕೇಸರಿಬಾತು ಆಗಿರಲಿಲ್ಲ.

ಅವಳು ಹುಟ್ಟುವಾಗ ಉಸಿರು ತಡವಾಗಿ ಬಂತು. ಆಮೇಲೆ ಎಲ್ಲವೂ ತಡವಾಯಿತು. ಕತ್ತು ನಿಲ್ಲುವುದಕ್ಕೇ ಮೂರು ವರ್ಷ ಬೇಕಾಯಿತು. ನಡೆಯುವುದಿಲ್ಲ, ಮಾತಿಲ್ಲ, ಕೈ ಅವಳು ಕಳಿಸಿದ ಕಡೆ ಬಿಟ್ಟು ಇನ್ನೊಂದು ಕಡೆ ಹೋಗುತ್ತದೆ. ಅನ್ನವನ್ನು ಗಂಜಿಯಷ್ಟು ತೆಳ್ಳಗೆ ಮಾಡಿ, ಕತ್ತಿನ ಹಿಂದೆ ಕೈ ಕೊಟ್ಟು, ಚಮಚ ಚಮಚವಾಗಿ, ನುಂಗಿದಳೇ ಎಂದು ಗಂಟಲು ನೋಡಿ ನೋಡಿ ಉಣಿಸಬೇಕು. ನಗು ಬಲು ಚೆಂದ. ಅದೂ ತಡ. ಅವಳಪ್ಪ ಲಾರಿ ಓಡಿಸುತ್ತಾರೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಬಂದವರು ಏನಾದರೂ ಕೋತಿಚೇಷ್ಟೆ ಮಾಡಿ, ನಾವಿಬ್ಬರೂ ನಕ್ಕು, ಅದನ್ನು ಮರೆತು, ಕಾಫಿ ಕುಡಿಯುತ್ತ ಕೂತಾಗ ಇವಳು ಕಿಲಕಿಲ ನಗುತ್ತಾಳೆ. "ಇವಳಿಗೆ ನನ್ನ ಜೋಕು ಅಂಚೇಲಿ ಹೋಗುತ್ತೆ ಕಣೇ" ಅನ್ನುತ್ತಾರೆ ಅವರು. ದಿನವೂ ಮಧ್ಯಾಹ್ನದ ಮೇಲೆ ಯಾವಾಗಲಾದರೊಮ್ಮೆ ಅವಳ ಎಡಗಾಲಿನ ಹಿಮ್ಮಡಿ ಗಾಲಿಕುರ್ಚಿಯ ಕಾಲುಹಲಗೆಗೆ ಬಡಿಯುತ್ತದೆ. ಅದು ನರದ ಸೆಳೆತ, ಗಾಬರಿ ಬೇಡ ಎಂದಿದ್ದರು ಡಾಕ್ಟರು. ಐದನೇ ವರ್ಷದಲ್ಲಿ ಹಿಮ್ಮಡಿ ಸುಲಿದು ರಕ್ತ ಬಂದದ್ದು ನೋಡಿ ನಾನು ಆ ಹಲಗೆಗೆ ಒಂದು ಮೆತ್ತೆ ಹೊಲಿದು ಕಟ್ಟಿದೆ. ಒಳಗೆ ಹತ್ತಿ, ಮೇಲೆ ಎರಡು ಪದರ ಫ್ಲಾನೆಲ್ಲು, ನಾಲ್ಕು ಮೂಲೆಗೂ ಲಾಡಿ. ಮಗು ಹುಟ್ಟಿದ ಮೇಲೆ ನಾನು ಹೊಲಿದದ್ದರಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ.

ನಾನು ಅವಸರದ ಹೆಂಗಸು. ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ನನ್ನ ಬಾಯಲ್ಲಿರುತ್ತದೆ. ಕುಮುದೆಯ ಹೆಸರು ಕರೆಯ ಬಾಯಿಂದ ಪೂರ್ತಿ ಹೊರಡುವ ಮುಂಚೆಯೇ ನಾನು ಓ ಅಂದಿರುತ್ತಿದ್ದೆ. ಅವಳಿಗೆ ಆರು ತುಂಬಿದಾಗ, ಯಾರೋ ಹೇಳಿದರೆಂದು ಅವಳ ಕೈಗೆ ಗೆಜ್ಜೆ ಕಟ್ಟಿ ನೋಡಿದೆ. ಕರೆ ಬಂತು. ಗೆಜ್ಜೆ ಅಲ್ಲಾಡಲಿಲ್ಲ. ಎರಡನೆಯ ಕರೆಯವರೆಗೆ ಕಾಯುವ ಎದೆಗಾರಿಕೆ ನನ್ನಲ್ಲಿರಲಿಲ್ಲ. ಓ ಅಂದುಬಿಟ್ಟು, ಗೆಜ್ಜೆ ಬಿಚ್ಚಿ ಪೆಟ್ಟಿಗೆಗೆ ಹಾಕಿದೆ.

ನನ್ನ ಹೆದರಿಕೆ ಏನೆಂದು ಹೇಳಿಬಿಡುತ್ತೇನೆ. ಕಣ್ಮರೆಯಾದ ದೊಡ್ಡವರು ತಟ್ಟೆಯಿಂದ ತಾವೇ ಎತ್ತಿಕೊಂಡು ಉಣ್ಣುತ್ತಾರೆ. ಕುಮುದೆ ಕಣ್ಮರೆಯಾದರೆ? ಅವಳ ಬಾಯಿ ಎಲ್ಲಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಚಮಚ ಹಿಡಿದು ಗಾಳಿಗೆ ಉಣಿಸಲೇ? ಒಂದೇ ಮಗ್ಗುಲಲ್ಲಿ ಮಲಗಿ ಮೈ ಹುಣ್ಣಾದರೆ ಹೊರಳಿಸುವವರು ಯಾರು? ನನ್ನ ಕಣ್ಣೆದುರಿನ ಕುರ್ಚಿಯಲ್ಲೇ, ಹಸಿದುಕೊಂಡು, ನನ್ನನ್ನೇ ನೋಡುತ್ತ... ಈ ಯೋಚನೆಯನ್ನು ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ನಾನು ಕೊನೆಯವರೆಗೆ ಯೋಚಿಸಿಲ್ಲ.

ಹೀಗಿರುವಾಗ ದಸ್ತಗೀರ್ ಮಾಸ್ಟ್ರು ಮನೆಗೆ ಬಂದರು. ಮೇಲಿನ ಬೀದಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಶೆಡ್ಡು ಅವರದು. ಕುಮುದೆ ಹುಟ್ಟುವವರೆಗೆ ನಾನು ಅಲ್ಲಿ ಕಟಿಂಗ್ ಕೆಲಸ ಮಾಡುತ್ತಿದ್ದೆ. ಮಾಸ್ಟ್ರು ನಾನು ಕೊಟ್ಟ ಕಾಫಿ ಮುಟ್ಟದೆ, ಕತ್ತಿಗೆ ನೇತುಹಾಕಿಕೊಂಡ ಟೇಪನ್ನು ಎಳೆಯುತ್ತ ಕೂತರು.

"ಇಂದ್ರಾಣಮ್ಮ, ನಮ್ಮ ಕಟಿಂಗ್‌ನೋರಿಗೆ ಕಣ್ಣು ಮಂಜಾಗಿದೆ. ಹೋದ ವಾರ ಐವತ್ತು ಶರ್ಟಿಗೆ ಬರೀ ಎಡತೋಳೇ ಕತ್ತರಿಸಿಟ್ಟಿದ್ದಾರೆ. ಎಲ್ಲಾ ಮಕ್ಕಳೂ ಎರಡು ಎಡಗೈ ಇಟ್ಕೊಂಡು ಶಾಲೆಗೆ ಹೋಗಬೇಕಾ? ನೀವು ಬನ್ನಿ."

"ಕರೆ ಇದೆಯಲ್ಲ ಮಾಸ್ಟ್ರೇ" ಅಂದೆ.

"ಯೋಚನೆ ಮಾಡೇ ಬಂದಿದೀನಿ. ಕರೆ ಇಳಿಯೋದು ಗುಡ್ಡದ ಕಡೆಯಿಂದ. ಮೊದಲು ನಮ್ಮ ಬೀದಿ, ಆಮೇಲೆ ಎರಡು ಬೀದಿ, ಅದಾದ್ಮೇಲೆ ನಿಮ್ದು. ಶೆಡ್ಡಲ್ಲಿ ನಿಮ್ಮ ಹೆಸರಿಗೆ ಓ ಅಂದ್ಬಿಟ್ಟು ಓಡಿ. ನಾನು ನಡೆದೇ ನೋಡಿದೆ, ನನ್ನ ಈ ಮಂಡಿನೋವಲ್ಲೂ ಕರೆಗಿಂತ ಮೊದಲು ಬಂದು ಮುಟ್ಟಿದೆ. ನೀವು ಓಡೋರಲ್ವಾ."

ನಾನು ಹೂಂ ಅಂದೆ. ಅವರ ಮಾತು ಮುಗಿದಿತ್ತೋ ಇಲ್ಲವೋ. ಮನೆಯಲ್ಲಿ ಕಷ್ಟವಿತ್ತು ಎಂದು ಹೇಳಿದರೆ ಕೇಳುವವರಿಗೆ ಸಮಾಧಾನವಾಗಬಹುದು, ಆದರೆ ನಿಜ ಅದಲ್ಲ. ನನಗೆ ಆ ಕತ್ತರಿ ಬೇಕಿತ್ತು. ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ಪದರದ ಮೇಲೆ ಕತ್ತರಿ ಇಟ್ಟಾಗ ಬರುವ ಆ ಕರ್ರೆನ್ನುವ ಸದ್ದು ಬೇಕಿತ್ತು. ಒಂಬತ್ತು ವರ್ಷ ನಾನು ಒಂದು ಓ ಆಗಿ ಬದುಕಿದ್ದೆ.

ಕುಮುದೆಯ ಜೊತೆ ಇರಲು ಪಕ್ಕದ ಮನೆಯ ರುದ್ರಕ್ಕ ಒಪ್ಪಿದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇರುವವಳು, ಸಂಡಿಗೆ ಹಪ್ಪಳ ಮಾಡಿ ಮಾರುತ್ತಾಳೆ, ಮಾತಿಗೆ ನಿಂತರೆ ಸಂಡಿಗೆ ಹಿಟ್ಟು ತಳ ಹಿಡಿದರೂ ತಿಳಿಯುವುದಿಲ್ಲ. ಕುಮುದೆಗೆ ಉಣಿಸುವುದನ್ನು ಎರಡು ದಿನದಲ್ಲಿ ನನಗಿಂತ ಚೆನ್ನಾಗಿ ಕಲಿತಳು. ಕರೆಯೆಂದರೆ ಮಾತ್ರ ಅವಳಿಗೆ ಚಿಕ್ಕಂದಿನಿಂದಲೂ ಪ್ರಾಣಭಯ. ಬೀದಿಯ ತುದಿಯಲ್ಲಿ ಕರೆ ಕೇಳಿದ ಕೂಡಲೇ ಕಣ್ಣು ಮುಚ್ಚಿ, ಕಿವಿಗೆ ಬೆರಳಿಟ್ಟು ಮೂಲೆಯಲ್ಲಿ ಕೂತುಬಿಡುತ್ತಾಳೆ. ತನ್ನ ಹೆಸರಾದರೆ ಬೆರಳು ದಾಟಿಕೊಂಡು ಒಳಗೆ ಬರುತ್ತದಂತೆ. ಆಗ ಓ ಎಂದು ಕಿರುಚಿ, ಕರೆ ಬೀದಿ ಬಿಟ್ಟು ಹೋಗುವವರೆಗೆ ಮತ್ತೆ ಹಾಗೆಯೇ ಕೂರುತ್ತಾಳೆ.

ಮೊದಲ ದಿನ ಕತ್ತರಿ ಹಿಡಿದಾಗ ಗೆರೆ ತಪ್ಪಿತು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಕಾಲರಿನ ತಿರುವಿನಲ್ಲಿ ಕತ್ತರಿಯನ್ನು ನಿಲ್ಲಿಸದೆ ಬಟ್ಟೆಯನ್ನೇ ತಿರುಗಿಸಬೇಕು ಎನ್ನುವುದನ್ನು ನನ್ನ ಕೈ ಮರೆತಿರಲಿಲ್ಲ. ಸಂತೋಷವಾಯಿತು. ಸಂತೋಷವಾದದ್ದಕ್ಕೆ ಹೆದರಿಕೆಯಾಯಿತು. ಕುಮುದೆಯ ನೆನಪಿಲ್ಲದೆ ಒಂದು ತಾಸು ಕಳೆದಿದ್ದೇನೆ ಎಂದು ಗೊತ್ತಾದಾಗ, ಯಾರದೋ ಮನೆಯ ಒಡವೆ ಕದ್ದು ಸಿಕ್ಕಿಬಿದ್ದವಳ ಹಾಗೆ ಸುತ್ತಮುತ್ತ ನೋಡಿದೆ. ಎರಡೂವರೆಗೆ ಕರೆ ಬಂತು. ಹೊಲಿಗೆ ಯಂತ್ರಗಳೆಲ್ಲ ನಿಂತವು. ಶೆಡ್ಡಿನಲ್ಲಿ ಗುಡ್ಡದ ಕಡೆಯ ಬಾಗಿಲ ಬಳಿ ಮಾಸ್ಟ್ರು ಕೂರುತ್ತಾರೆ, ಹಾಗಾಗಿ ಯಾವತ್ತೂ ಮೊದಲ ಹೆಸರು ಅವರದು, ಎರಡನೆಯದು ನನ್ನದು. ಓ ಅಂದೆ. ಓಡಿದೆ.

ಆ ಓಟವನ್ನು ಊರು ಬೇಗ ಕಲಿತುಕೊಂಡಿತು. ಮೇಲಿನ ಬೀದಿಯ ಟೀ ಅಂಗಡಿಯವನು ಬೆಂಚನ್ನು ಗೋಡೆಗೆ ಒತ್ತಿ ಹಾಕಿದ. ನಲ್ಲಿಯ ಹತ್ತಿರ ಕೊಡಗಳನ್ನು ಸಾಲು ಬಿಟ್ಟು ಇಡಬೇಡಿರೆಂದು ಹೆಂಗಸರು ತಮ್ಮತಮ್ಮಲ್ಲೇ ಕೂಗಾಡಿಕೊಂಡರು. "ದಾರಿ ಬಿಡ್ರೋ, ಕುಮುದೆ ಅಮ್ಮ ಬಂದ್ರು" ಎಂದು ಒಬ್ಬರು ಅಂದರೆ ಎಮ್ಮೆಯೂ ಪಕ್ಕಕ್ಕೆ ಸರಿಯುವಷ್ಟು ಅಭ್ಯಾಸವಾಯಿತು. "ಇಷ್ಟು ಕಷ್ಟಪಟ್ಟು ಕೆಲಸಕ್ಕೆ ಹೋಗೋದ್ಯಾಕೆ, ಅಂಥಾ ಮಗು ಇಟ್ಕೊಂಡು" ಎಂದು ಕಿಟಕಿಯಿಂದ ಹೇಳಿದವರೂ ಇದ್ದರು. ಓಡುವಾಗ ಅಂಥ ಮಾತು ಅರ್ಧ ಮಾತ್ರ ಕೇಳಿಸುತ್ತದೆ, ಅದೊಂದು ಅನುಕೂಲ. ಬೆನ್ನ ಹಿಂದೆ ಕರೆ ಒಬ್ಬೊಬ್ಬರ ಹೆಸರನ್ನೂ ಕೂಗುತ್ತ ಬರುತ್ತಿತ್ತು. ನಾನು ಮುಂದೆ. ಮನೆಗೆ ನುಗ್ಗಿ, ಮಗಳ ತಲೆಯ ಮೇಲೆ ಕೈಯಿಟ್ಟು, ಅವಳ ಹೆಸರಿಗೆ ಓ ಅಂದು, ಒಂದು ಲೋಟ ನೀರು ಕುಡಿದು ಮತ್ತೆ ಶೆಡ್ಡಿಗೆ. ಇಪ್ಪತ್ತೆರಡು ದಿನ ಹೀಗೆ ನಡೆಯಿತು. ಒಂದು ದಿನ ಚಪ್ಪಲಿಯ ಉಂಗುಟ ಕಿತ್ತು, ಇನ್ನೊಂದು ದಿನ ಕೊಡದ ನೀರಲ್ಲಿ ಜಾರಿ, ಮೂರನೆಯ ಬೀದಿಯಲ್ಲಿ ಕರೆಯೂ ನಾನೂ ಸರಿಸಮಕ್ಕೆ ಬಂದದ್ದುಂಟು. ಆ ಎರಡು ದಿನವೂ ಸಂಜೆ ನನಗೆ ಜ್ವರ ಬಂತು.

ಇಪ್ಪತ್ತಮೂರನೆಯ ದಿನ ನಾನು ಚಡ್ಡಿಯ ಬಟ್ಟೆ ಕತ್ತರಿಸುತ್ತಿದ್ದೆ. ಕರೆ ಬಂದ ಸದ್ದಾಗಿ ಯಂತ್ರಗಳು ನಿಂತವು. ನಾನು ಕತ್ತರಿ ಚೀಲಕ್ಕೆ ಹಾಕಿ, ಸೆರಗು ಸಿಕ್ಕಿಸಿ, ಮಾಸ್ಟ್ರ ಹೆಸರಿಗೆ ಕಾದೆ. ಮಾಸ್ಟ್ರ ಹೆಸರು ಬರಲಿಲ್ಲ. ಕೆರೆಯ ಕಡೆಯ ಬಾಗಿಲ ಬಳಿ ಕೂತು ಗುಂಡಿಗಳಿಗೆ ಕಾಜಾ ಹಾಕುವ ಫಾತಿಮಾಳ ಹೆಸರು ಬಂತು. ಅವಳು ಓ ಅಂದು, ತಾನೇ ಬೆಚ್ಚಿ ನಮ್ಮ ಕಡೆ ನೋಡಿದಳು. ಆಮೇಲೆ ಅವಳ ಪಕ್ಕದವಳದು ಬಂತು. ಮಾಸ್ಟ್ರು ಮೆಲ್ಲಗೆ ಎದ್ದು ನಿಂತರು. ನನಗೆ ಅರ್ಥವಾಯಿತು. ಅಂದು ಕರೆ ಕೆರೆಯ ಕಡೆಯಿಂದ ಹತ್ತಿ ಬಂದಿತ್ತು. ನಮ್ಮ ಬೀದಿಯನ್ನು ಆಗಲೇ ದಾಟಿ ಬಂದಿತ್ತು.

ನಮ್ಮಜ್ಜಿಯ ಕಾಲದಲ್ಲಿ ಒಮ್ಮೆ ಹೀಗಾಗಿತ್ತೆಂದು ಹೇಳುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ. ನಾನು ಬಾಗಿಲಿಗೆ ನುಗ್ಗಿದೆ. ಮಾಸ್ಟ್ರು ಅಡ್ಡ ನಿಂತರು. "ನಿಮ್ಮ ಹೆಸರು ಆಗ್ಲಿ. ದಾರೀಲಿ ತಪ್ಪಿಸಿಕೊಂಡ್ರೆ ಆ ಮಗೂಗೆ ನೀವೂ ಇಲ್ಲ" ಅಂದರು. ನನಗಿಂತ ಮುಂಚೆ ಹತ್ತು ಜನ. ಅದರಲ್ಲಿ ಒಬ್ಬ ಮುದುಕರಿಗೆ ಕಿವಿ ಮಂದ, ಎರಡನೆಯ ಕರೆಗೆ ಓ ಅಂದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ನನ್ನ ಹೆಸರು ಬಂದಾಗ ನನ್ನ ಬಾಯಿಂದ ಓ ಬಂತೋ ಅಳು ಬಂತೋ ಗೊತ್ತಿಲ್ಲ. ಕರೆ ಒಪ್ಪಿಕೊಂಡಿತು.

ಆ ದಿನದ ಓಟ ನನಗೆ ನೆನಪಿಲ್ಲ. ನೆನಪಿರುವುದು ನಮ್ಮ ಮನೆಯ ಬಾಗಿಲು. ಅದು ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಅಷ್ಟು ಓಡಿ ಬಂದವಳು ಅಲ್ಲಿ ನಿಂತುಬಿಟ್ಟೆ. ಬಾಗಿಲು ತೆಗೆಯದಷ್ಟು ಹೊತ್ತು ಒಳಗೆ ನನ್ನ ಮಗಳಿದ್ದಾಳೆ. ತೆಗೆದರೆ ಏನಿದೆಯೋ ಅದು ಇರುತ್ತದೆ. ಕೊನೆಗೆ ತಳ್ಳಿದ್ದು ಕೈಯಲ್ಲ, ಹಣೆ. ಗಾಲಿಕುರ್ಚಿ ಹಿತ್ತಿಲ ಕಡೆ ಮುಖ ಮಾಡಿತ್ತು. ಅದರ ಬೆನ್ನಿನ ಮೇಲೆ ತಲೆ ಕಾಣಿಸಲಿಲ್ಲ. ನೆಲಕ್ಕೆ ಕೂತಾಗ ಕುರ್ಚಿಯ ಕೈಯ ಕೆಳಗೆ ಒಂದು ಜಡೆ ಜೋತು ಬಿದ್ದದ್ದು ಕಂಡಿತು, ತುದಿಗೆ ಬೆಳಿಗ್ಗೆ ನಾನೇ ಕಟ್ಟಿದ ಹಸಿರು ಟೇಪು. ಕುಮುದೆ ಪಕ್ಕಕ್ಕೆ ವಾಲಿಕೊಂಡು ಕೂತಿದ್ದಳು. ಕಾಣುತ್ತಿದ್ದಳು. ನಗುತ್ತಿದ್ದಳು.

ಅವಳನ್ನು ತಬ್ಬಿಕೊಂಡು ಎಷ್ಟು ಹೊತ್ತು ಇದ್ದೆನೋ. ಆಮೇಲೆ ಸಿಟ್ಟು ಬಂತು. ಮೂಲೆಯಲ್ಲಿ ರುದ್ರಕ್ಕ ಇನ್ನೂ ಕಿವಿಯಲ್ಲಿ ಬೆರಳಿಟ್ಟುಕೊಂಡೇ ಕೂತಿದ್ದಳು. ಕೈ ಹಿಡಿದು ಎಳೆದೆ.

"ರುದ್ರಕ್ಕ, ಇವಳ ಹೆಸರು ಕರೀತಾ?"

"ಕರೀತು ಕಣೇ. ಮೊದಲು ನಂದು ಕರೀತು, ಆಮೇಲೆ ಇವಳದು ಶುರುವಾಯ್ತು. ಒಂದು ಸಲ ಕೇಳಿಸ್ತು. ನನಗೆ ಕೈಕಾಲೇ ಆಡಲಿಲ್ಲ, ಕಿವಿ ಮುಚ್ಕೊಂಡ್ಬಿಟ್ಟೆ. ಕಣ್ಣು ಬಿಟ್ಟಾಗ ಇಲ್ಲೇ ಇದ್ದಳು."

"ಯಾರು ಓ ಅಂದ್ರು?"

"ನನ್ನ ಕೇಳ್ತೀಯಲ್ಲೇ. ನಾನಂತೂ ಅನ್ಲಿಲ್ಲ, ಅಂದ್ರೂ ಅದು ಒಪ್ಪಲ್ಲ. ಮನೇಲಿ ಇನ್ಯಾರಿದ್ರು?"

ಕುಮುದೆಯ ಎಡಗಾಲ ಹಿಮ್ಮಡಿ ಕೆಂಪಾಗಿತ್ತು. ಹಲಗೆ ಬರಿದಾಗಿತ್ತು. ಮೆತ್ತೆ ಎಲ್ಲಿ ಎಂದು ಕೇಳಿದೆ. ಮಧ್ಯಾಹ್ನ ಗಂಜಿ ಚೆಲ್ಲಿತು, ಬಿಚ್ಚಿ ಒಗೆದು ಹಿತ್ತಿಲಲ್ಲಿ ಹಾಕಿದ್ದೇನೆ ಎಂದಳು. ಇದೊಂದು ಸಿಕ್ಕಿತು ನನಗೆ. "ಕಾಲು ಸುಲೀತದೆ ಅಂತ ಎಷ್ಟು ಸಲ ಹೇಳಿದೀನಿ? ಹೋಗಿ ಹೋಗಿ ನಿಮ್ಮ ಕೈಗೆ ಮಗೂನ ಕೊಟ್ಟು ಹೋದೆನಲ್ಲ" ಎಂದು ಬಾಯಿಗೆ ಬಂದ ಹಾಗೆ ಬೈದೆ. ಬೈಸಿಕೊಳ್ಳಬೇಕಾದವಳು ನಾನು ಎಂದು ಇಬ್ಬರಿಗೂ ಗೊತ್ತಿತ್ತು. ರುದ್ರಕ್ಕ ಹೋಗಿ ಮೆತ್ತೆ ತಂದು ಕೊಟ್ಟಳು. ಅದು ಇನ್ನೂ ಹಸಿ ಇತ್ತು. ಒಲೆಯ ಶಾಖಕ್ಕೆ ಹಿಡಿದು ಒಣಗಿಸಿ, ಬಿಚ್ಚಿಹೋಗದಿರಲಿ ಎಂದು ಲಾಡಿಗಳಿಗೆ ಎರಡೆರಡು ಗಂಟು ಹಾಕಿ ಕಟ್ಟಿದೆ.

ಸಂಜೆ ಬೀದಿಯವರು ಒಬ್ಬೊಬ್ಬರಾಗಿ ಬಂದು ಕುಮುದೆಯನ್ನು ನೋಡಿ ಹೋದರು. ಕಾಣುತ್ತಾಳೋ ಇಲ್ಲವೋ ಎಂದು ಪರೀಕ್ಷೆ ಮಾಡುವವರ ಹಾಗೆ ಕೆನ್ನೆ ಮುಟ್ಟಿದರು. ಇಂಥ ಮಕ್ಕಳನ್ನು ಕರೆ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲವೇನೋ ಎಂದು ಒಬ್ಬರು ಅಂದರು. ಇಟ್ಟುಕೊಳ್ಳದಿದ್ದರೆ ಹೆಸರು ಯಾಕೆ ಕರೆಯುತ್ತದೆ ಎಂದು ನಾನು ಕೇಳಿದೆ. ಇನ್ನೊಬ್ಬರು ದನಿ ತಗ್ಗಿಸಿ, "ಒಂದು ದಿನ ಬಿಟ್ಟುಕೊಟ್ಟಿರತ್ತೆ ಅಮ್ಮಾ, ನಾಳೆ ಹುಷಾರು" ಅಂದರು. ಆ ಮಾತು ಮನೆಯಲ್ಲಿ ಉಳಿಯಿತು. ಎರಡರಲ್ಲಿ ಯಾವುದು? ಅಥವಾ ಮೂರನೆಯದೇನಾದರೂ ಇದೆಯೇ? ಕುಮುದೆಗೆ ಉಣಿಸುತ್ತ ಅವಳ ಮುಖ ನೋಡಿದೆ. "ನೀನೇ ಓ ಅಂದ್ಯೇನೇ?" ಎಂದು ಕೇಳಿ, "ಎಲ್ಲಿಂದ ಅಂತೀಯಾ, ಪಾಪ" ಎಂದು ನಾನೇ ಉತ್ತರ ಕೊಟ್ಟು, ಮುಂದಿನ ಚಮಚ ಬಾಯಿಗಿಟ್ಟೆ.

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಬೆಳಗಿನಿಂದ ಕುರ್ಚಿಯ ಎದುರು ನೆಲದ ಮೇಲೆ ಕೂತಿದ್ದೆ. ನನಗೆ ಗೊತ್ತಾಗಬೇಕಿತ್ತು. ಗೊತ್ತಾಗದೆ ಇನ್ನು ಶೆಡ್ಡಿಗೂ ಹೋಗಲಾರೆ, ಮನೆಯಲ್ಲೂ ಇರಲಾರೆ. ಇನ್ನೊಂದು ಮಾತು ಒಳಗೊಳಗೇ ಕೊರೆಯುತ್ತಿತ್ತು: ನಾನು ಸತ್ತ ಮರುದಿನವೂ ಕರೆ ಬರುತ್ತದೆ. ಹಾಗಾಗಿ ತೀರ್ಮಾನ ಮಾಡಿದೆ. ಮೊದಲ ಕರೆಗೆ ಬಾಯಿ ಬಿಡುವುದಿಲ್ಲ, ಎರಡನೆಯದಕ್ಕೂ ಬಿಡುವುದಿಲ್ಲ. ಮೂರನೆಯದಕ್ಕೆ ಮಾತ್ರ, ಏನೂ ಆಗದಿದ್ದರೆ, ಓ ಅನ್ನುತ್ತೇನೆ. ಲೆಕ್ಕದಲ್ಲಿ ಇದರಿಂದ ಅಪಾಯವೇನೂ ಇಲ್ಲ. ರುದ್ರಕ್ಕನೂ ಬಂದು ಮೂಲೆಯಲ್ಲಿ ಕೂತಳು. ಬೈದದ್ದಕ್ಕೆ ಅವಳು ಮುನಿಸಿಕೊಂಡಿರಲಿಲ್ಲ, ನಾನು ಕ್ಷಮೆಯನ್ನೂ ಕೇಳಿರಲಿಲ್ಲ.

ನಾಲ್ಕು ಗಂಟೆಯ ಮೇಲೆ ಬಂತು, ಎಂದಿನಂತೆ ಗುಡ್ಡದ ಕಡೆಯಿಂದ. ನನ್ನ ಹೆಸರು ಕರೆಯಿತು. ಓ ಅಂದೆ.

"ಕುಮುದಾ."

ಓ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಹೆಸರಿನ ನಂತರದ ಮೌನವನ್ನು ನಾನು ಪೂರ್ತಿ ಕೇಳಿದೆ. ಅದು ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂವತ್ತರವರೆಗೆ ಎಣಿಸಿದೆ. ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು. ನಲವತ್ತಕ್ಕೆ ಅವಳ ಕಣ್ಣು ಕಿಟಕಿಯಿಂದ ಬಾಗಿಲಿಗೆ ಬಂತು. ಬಾಗಿಲಿನಿಂದ ನನ್ನ ಮುಖಕ್ಕೆ ಬಂತು. ಯಾಕೆ ಸುಮ್ಮನಿದ್ದೀ ಎಂದು ಕೇಳುವವಳ ಹಾಗೆ ನನ್ನನ್ನು ನೋಡಿದಳು.

"ಕುಮುದಾ."

ಎರಡನೆಯದು. ಅವಳ ಭುಜ ಅಲುಗಿತು. ಬಲಗೈ ಎದ್ದು ಎಲ್ಲೋ ಹೋಗಿ ಬಂತು. ಸೊಂಟ ಬಿಗಿಯಿತು, ಮುಖ ಕೆಂಪಾಯಿತು. ಭಾರ ಎತ್ತುವವರ ಮುಖ ಹಾಗಾಗುತ್ತದೆ. ಆಮೇಲೆ ಎಡ ಮಂಡಿ ಮೆಲ್ಲಗೆ ಮೇಲೆ ಬಂತು, ಹಿಮ್ಮಡಿ ಎದ್ದಿತು, ಹಲಗೆಯ ಮೇಲೆ ಬಿತ್ತು.

ಸದ್ದಾಗಲಿಲ್ಲ. ಎರಡು ಪದರ ಫ್ಲಾನೆಲ್ಲು, ಒಳಗೆ ಹತ್ತಿ.

ಈ ಕಾಲನ್ನು ನಾನು ಸಾವಿರ ಸಲ ನೋಡಿದ್ದೆ. ಪ್ರತಿ ಮಧ್ಯಾಹ್ನ, ನಾನು ಓ ಅಂದು, ಕರೆ ದಾಟಿ ಹೋಗಿ, ನಾನು ಸೌದೆ ಎತ್ತಿಡಲೋ ಅಕ್ಕಿ ಆರಿಸಲೋ ಎದ್ದು ಹೋದ ಮೇಲೆ ಇದು ಬಡಿಯುತ್ತಿತ್ತು. ಹಿಮ್ಮಡಿ ಸುಲಿದು ರಕ್ತ ಬರುವವರೆಗೆ ಬಡಿದಿತ್ತು. ಅಯ್ಯೋ ಕಂದಾ ಎಂದು ನಾನೇ ಬಾಯಿಗೆ ಬಟ್ಟೆ ತುರುಕಿದ ಹಾಗೆ ಹಲಗೆಗೆ ಮೆತ್ತೆ ಕಟ್ಟಿದ್ದೆ. ಇದೆಲ್ಲ ಒಂದೇ ಸಲಕ್ಕೆ ನನ್ನ ತಲೆಗೆ ಬಂತು, ಬಂದದ್ದೇ ಲಾಡಿಯ ಗಂಟಿಗೆ ಕೈ ಹಾಕಿದೆ. ನಿನ್ನೆ ಹಾಕಿದ ಎರಡೆರಡು ಗಂಟು. ಉಗುರು ಹಾಕಿ ಎಳೆದೆ, ಬಿಚ್ಚಲಿಲ್ಲ. ಕತ್ತರಿ ಚೀಲದಲ್ಲಿತ್ತು, ಚೀಲ ಗೂಟದಲ್ಲಿತ್ತು. ಎದ್ದು ಚೀಲ ಎಳೆದದ್ದಕ್ಕೆ ಗೂಟವೇ ಕಿತ್ತು ಬಂತು. ಒಂದು ಲಾಡಿ ಕತ್ತರಿಸಿದೆ, ಎರಡನೆಯದು, ಮೂರನೆಯದು.

"ಕುಮುದಾ."

ಇದು ಕೊನೆಯದು. ನನ್ನ ಬಾಯಲ್ಲಿ ಓ ಇತ್ತು. ಅಂದುಬಿಟ್ಟರೆ ಮಗಳು ಉಳಿಯುತ್ತಾಳೆ, ಇವತ್ತಿನ ಮಟ್ಟಿಗೆ, ನಾನಿರುವ ಮಟ್ಟಿಗೆ. ಅನ್ನದಿದ್ದರೆ ಆ ಹಿಮ್ಮಡಿ ಇನ್ನೊಂದು ಸಲ ಏಳಬೇಕು, ಏಳಲು ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕರೆ ಕಾಯಬೇಕು. ಮೂರನೆಯದರ ನಂತರ ಕರೆ ಎಷ್ಟು ಕಾಯುತ್ತದೆಂದು ಊರಲ್ಲಿ ಬಲ್ಲವರಿಲ್ಲ. ಬಲ್ಲವರು ಯಾರೂ ನಮಗೆ ಕಾಣುವುದಿಲ್ಲ. ನಾಲ್ಕನೆಯ ಲಾಡಿ ಕತ್ತರಿಸಿ ಮೆತ್ತೆಯನ್ನು ಎಳೆದು ಬಿಸಾಡಿದೆ. ಸೆರಗನ್ನು ಉಂಡೆ ಮಾಡಿ ನನ್ನ ಬಾಯಿಗೆ ತುರುಕಿಕೊಂಡೆ. ಕಣ್ಣು ಮಿಟುಕಿಸಲಿಲ್ಲ, ಮಿಟುಕಿಸಿ ಬಿಡುವಷ್ಟರಲ್ಲಿ ಕುರ್ಚಿ ಖಾಲಿಯಾಗಿದ್ದರೆ ಎಂದು. ಅವಳ ಕಣ್ಣು ನನ್ನಿಂದ ಬಾಗಿಲಿಗೆ ಹೋಯಿತು. ಭುಜ ಅಲುಗಿತು. ಮುಖ ಕೆಂಪಾಯಿತು. ಮಂಡಿ ಎದ್ದು, ಅರ್ಧಕ್ಕೆ ನಿಂತು, ನಡುಗಿತು. ಸೆರಗಿನ ಒಳಗೆ ನಾನು ಕಿರುಚುತ್ತಿದ್ದೆ ಎಂದು ಆಮೇಲೆ ರುದ್ರಕ್ಕ ಹೇಳಿದಳು.

ಟಕ್ ಎಂದಿತು. ಬರಿಯ ಮರದ ಮೇಲೆ, ಗಟ್ಟಿಯಾಗಿ.

ಕರೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ರುದ್ರಕ್ಕನ ಹೆಸರು ಕರೆಯಿತು. ಅವಳು ಮೂಲೆಯಿಂದ ಓ ಎಂದು ಕಿರುಚಿದಳು. ಕರೆ ಪಕ್ಕದ ಮನೆಗೆ ಹೋಯಿತು, ಅದರ ಪಕ್ಕದ ಮನೆಗೆ ಹೋಯಿತು, ಕೆರೆಯ ಕಡೆ ಇಳಿಯಿತು. ಕುಮುದೆ ಕುರ್ಚಿಯಲ್ಲೇ ಇದ್ದಳು. ಜಡೆ ಇತ್ತು, ಕೆಂಪು ಮುಖ ಇತ್ತು, ಗದ್ದದ ಮೇಲೆ ಜೊಲ್ಲು ಇತ್ತು. ನಾನು ಅವಳ ಕಾಲು ಹಿಡಿದುಕೊಂಡು ಅತ್ತೆ. ತಪ್ಪಾಯ್ತು ಮಗಳೇ ಎಂದು ಎಷ್ಟು ಸಲ ಅಂದೆನೋ. ನಾನು ಅತ್ತು ಮುಗಿಸಿ, ಮುಖ ಒರೆಸಿಕೊಂಡು, ರುದ್ರಕ್ಕನಿಗೂ ತಪ್ಪಾಯ್ತು ಎಂದು ಹೇಳಿ, ಕಾಫಿಗೆ ನೀರಿಟ್ಟ ಮೇಲೆ ಕುಮುದೆ ಕಿಲಕಿಲ ನಕ್ಕಳು. ಬಾಯಿಗೆ ಸೆರಗು ತುರುಕಿಕೊಂಡ ಅಮ್ಮನನ್ನು ನೋಡಿ ಇರಬೇಕು.

ಬೀದಿ ಮೂಲೆಯ ಚಪ್ಪಲಿ ಹೊಲಿಯುವವರ ಹತ್ತಿರ ಅವಳ ಎಡಗಾಲಿಗೊಂದು ಬೂಟು ಮಾಡಿಸಿದೆ, ಹಿಮ್ಮಡಿಗೆ ಮರದ ತುಂಡು. ಕೇಸರಿಬಾತು ಮಾಡಿ ಹಂಚಿದೆ. ಮೂರನೆಯ ದಿನ ಕೆಲಸಕ್ಕೆ ಹೋದೆ. ಕರೆ ಬಂದಾಗ ಮಾಸ್ಟ್ರ ನಂತರ ನನ್ನ ಹೆಸರಿಗೆ ಓ ಅಂದೆ. ಎಲ್ಲರೂ ನನ್ನ ಕಡೆ ನೋಡಿದರು. ಓಡಬಾರದು ಎಂದುಕೊಂಡಿದ್ದೆ. ಮೇಜಿನ ಅಂಚು ಹಿಡಿದು ನಿಂತೆ, ಮೇಜು ಅಲ್ಲಾಡತೊಡಗಿತು. ಮಾಸ್ಟ್ರು, "ಹೋಗ್ಬನ್ನಿ ಇಂದ್ರಾಣಮ್ಮ, ಮೇಜಾದ್ರೂ ಉಳೀಲಿ" ಅಂದರು. ಓಡಿದೆ. ಆದರೆ ಒಳಗೆ ಹೋಗಲಿಲ್ಲ. ನಮ್ಮ ಮನೆಯ ಗೋಡೆಗೆ ಒರಗಿ, ಕಿಟಕಿಯ ಪಕ್ಕ, ಮಗಳಿಗೆ ಕಾಣದ ಹಾಗೆ ನಿಂತೆ. ಅವಳ ಹೆಸರು ಒಂದು ಸಲ ಬಂತು. ಎರಡು ಸಲ ಬಂತು. ಮೂರನೆಯದು ಬರುವ ಮುಂಚೆ ಒಳಗೆ ಮರದ ಸದ್ದಾಯಿತು. ನಾನು ಹಾಗೆಯೇ ಶೆಡ್ಡಿಗೆ ವಾಪಸು ನಡೆದೆ. ಅರ್ಧ ದಾರಿಯವರೆಗೂ ಕಾಲಿನ ನಡುಕ ನಿಲ್ಲಲಿಲ್ಲ. ಇವತ್ತಿಗೂ ಪೂರ್ತಿ ನಿಂತಿಲ್ಲ.

ಆ ಸಂಜೆ ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಹೊರಗೆ ನಿಂತು ಕುಮುದಾ ಎಂದು ಕರೆದೆ. ಕರೆದು ಸುಮ್ಮನಾದೆ. ಒಳಗಿನಿಂದ ರುದ್ರಕ್ಕ ಕೈ ಒರೆಸಿಕೊಳ್ಳುತ್ತ ಬಂದಳು.

"ಇದೇನೇ, ನಿನ್ನ ಮನೆ ಬಾಗಿಲಲ್ಲಿ ನೀನೇ ನೆಂಟರ ಹಾಗೆ ನಿಂತಿದೀಯ? ಬಾ ಒಳಗೆ."

"ತಡೀರಿ ರುದ್ರಕ್ಕ" ಅಂದೆ. "ಅವಳಿನ್ನೂ ಓ ಅಂದಿಲ್ಲ."